ಹದಿನೇಳನೆಯ ಮಾತು

ಸೋಮವಾರ, ಎರಡನೇ ತಾರೀಖು
ಬೆಳಗ್ಗೆ

ಮಗಳೇ,

ದೇವರು ನಿನ್ನ ನೆತ್ತಿ ಕಾಯಲಿ.

ಇವತ್ತು ನನ್ನ ಉಪವಾಸ. ಐದಕ್ಕೇ ಎದ್ದು ಹೊಸ್ತಿಲು ತೊಳೆದೆ, ನೀರು ಹಿಡಿದಿಟ್ಟೆ, ದೇವರ ದೀಪದ ಬತ್ತಿ ಬದಲಿಸಿದೆ. ಟೈಲರಣ್ಣ ಕಳಿಸಿದ ಹನ್ನೆರಡು ಶರ್ಟಿಗೆ ಕಾಜಾ ಹೊಲಿದು ಮಡಚಿಟ್ಟೆ. ಗುಂಡಿ ಮಾತ್ರ ಹಚ್ಚಿಲ್ಲ. ಗುಂಡಿ ಹಚ್ಚೋದು ನಿನ್ನ ತಮ್ಮನ ಕೆಲಸವಾಗಿತ್ತಲ್ಲ, ಆ ಡಬ್ಬಿ ತೆರೆಯೋಕೆ ನನಗಿನ್ನೂ ಕೈ ಬರುತ್ತಿಲ್ಲ. ಶರ್ಟುಗಳು ಎದೆ ತೆರೆದುಕೊಂಡೇ ಬಿದ್ದಿವೆ. ಟೈಲರಣ್ಣ ಪಾಪ ಬೈಯೋದಿಲ್ಲ. ನಾನೇ ಹಚ್ಚಿಕೊಳ್ತೀನಿ ಬಿಡಕ್ಕ ಅಂದು ಹಾಗೇ ಒಯ್ಯುತ್ತಾನೆ.

ನಿನ್ನ ತಮ್ಮ ಹೋಗಿ ಇವತ್ತಿಗೆ ನಲವತ್ತೊಂದು ದಿನ. ಅವನನ್ನು ಮಲಗಿಸಿದ್ದ ದಿನ ನೀನು ಬಂದೆ. ಎಲ್ಲರೂ ಜಾಗ ಬಿಟ್ಟರು. ಅವನ ಕಾಲ ಬಳಿ ನಿಂತು ಒಂದೇ ಒಂದು ಮಾತಾಡಿದೆ. ಕುತ್ತಿಗೆ ಗುಂಡಿ ಬಿಚ್ಚಿ, ಅವನಿಗೆ ಬಿಗಿಯಾಗುತ್ತೆ ಅಂದೆ. ನನಗಲ್ಲ, ಎದುರುಮನೆಯ ನರ್ಸಮ್ಮನಿಗೆ ಹೇಳಿದೆ. ಅವಳು ಕೈ ಹಾಕಿದಳು, ನಾನು ಬೇಡ ಅಂತ ತಡೆದೆ. ನೀನು ನನ್ನ ಮುಖ ನೋಡಿದೆ, ಚಪ್ಪಲಿ ಮೆಟ್ಟಿ ಹೊರಟುಹೋದೆ. ಸತ್ತ ಮೇಲೂ ಮಗನ ಉಸಿರು ಕಟ್ಟಿಸ್ತಾಳೆ ಅಂದುಕೊಂಡಿರಬೇಕು. ಆ ಗುಂಡಿ ಯಾಕೆ ಬಿಚ್ಚಲಿಲ್ಲ ಅನ್ನೋದನ್ನು ಹೇಳಬೇಕು. ಈಗಲ್ಲ, ಧೈರ್ಯ ಬಂದ ಮೇಲೆ.

ಹೋದ ಬುಧವಾರ ನಾನು ನಿನ್ನ ಕಿಟಕಿಗೆ ಬಂದಿದ್ದೆ. ನೀನು ನೋಡಲಿಲ್ಲ. ವಿಶ್ವವಿದ್ಯಾಲಯದ ಆ ಉದ್ದ ಪಡಸಾಲೆಯಲ್ಲಿ, ವಿಚಾರಣೆ ಅಂತ ಬೋರ್ಡು ಹಾಕಿರುವ ಕಿಟಕಿಯ ಮುಂದೆ, ಸಾಲಿನಲ್ಲಿ ಐದನೆಯವಳಾಗಿ ನಿಂತೆ. ನನ್ನ ಮುಂದೆ ಒಬ್ಬ ತಂದೆ, ಮಗಳು. ಹುಡುಗಿಗೆ ಭಾಷಾಶಾಸ್ತ್ರವನ್ನೂ ತತ್ವಶಾಸ್ತ್ರವನ್ನೂ ಜೊತೆಗೆ ಓದುವ ಆಸೆಯಂತೆ, ನಿನ್ನ ಹಾಗೇ. ಇದನ್ನೆಲ್ಲ ಓದಿದರೆ ಅನ್ನ ಹುಟ್ಟುತ್ತೇನಮ್ಮ ಅಂತ ಆ ತಂದೆ ಕೇಳಿದ. ನನಗೆ ಹುಟ್ಟಿದೆಯಲ್ಲ ಸಾರ್, ಈ ಕಿಟಕಿಯೊಳಗೆ, ಅಂದೆ ನೀನು. ಹಿಂದಿದ್ದವರೆಲ್ಲ ನಕ್ಕರು.

ಆಮೇಲೆ ನೀನು ಆ ಹುಡುಗಿಗೆ ಏನೇನು ಮುಗಿಸಬೇಕು ಅಂತ ಒಂದೊಂದಾಗಿ ಹೇಳಿದೆ. ಕಾಗದ ನೋಡದೆ ಹೇಳಿದೆ. ನಾನೂ ನಿನ್ನ ಜೊತೆ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದೆ. ನನಗೂ ಬಾಯಿಪಾಠ. ನೀನು ಸೇರಿದ ವರ್ಷ ಆ ಪಟ್ಟಿಯನ್ನು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೆ, ನೆನಪಿದೆಯಾ? ಭಾಷಾಶಾಸ್ತ್ರದಲ್ಲಿ ನಾಲ್ಕು: ಧ್ವನಿ, ಪದ, ವಾಕ್ಯ, ಅರ್ಥ. ತತ್ವಶಾಸ್ತ್ರದಲ್ಲಿ ನಾಲ್ಕು: ತರ್ಕ, ನೀತಿ, ಹಳಬರ ವಿಚಾರ, ತಿಳಿದದ್ದು ಹೇಗೆ ತಿಳಿಯಿತು ಅನ್ನೋದು. ಆಮೇಲೆ ಶಾಲೆಯಲ್ಲಿ ಕಲಿಯದ ಒಂದು ಹೊಸ ಭಾಷೆ. ಹತ್ತನೆಯದು ಕ್ಷೇತ್ರಕಾರ್ಯ, ಯಾರೂ ಬರೆದಿಡದ ಒಂದು ಭಾಷೆಯನ್ನು ಆಡುವವರ ಹತ್ತಿರವೇ ಕೂತು ನಲವತ್ತು ಗಂಟೆ ದಾಖಲು ಮಾಡೋದು. ಹನ್ನೊಂದನೆಯದು ಎರಡೂ ಶಾಸ್ತ್ರ ಒಂದಾಗುವ ಪ್ರಬಂಧ.

ನೀನು ಒಂದೊಂದು ಮುಗಿಸಿ ಬಂದಾಗಲೂ ನಾನು ಆ ಸಾಲಿನ ಪಕ್ಕ ಕೆಂಪು ದಾರದಿಂದ ಒಂದು ಹೊಲಿಗೆ ಹಾಕುತ್ತಿದ್ದೆ. ಪೆನ್ನಿನ ಗುರುತು ಅಳಿಸುತ್ತೆ, ಹೊಲಿಗೆ ನಿಲ್ಲುತ್ತೆ ಅಂತ ನನ್ನ ಲೆಕ್ಕ. ವ್ರತ ಹಿಡಿದವಳು ನೀನು, ದಿನ ಎಣಿಸಿದವಳು ನಾನು. ಮೇಜು ನಿಜವಾಗಿ ಇದೆಯೋ ಇಲ್ಲವೋ ಅಂತ ಓದುತ್ತಿದ್ದೇನೆ ಅಂದಿದ್ದೆ ನೀನು ಒಂದು ಸಲ. ಇಲ್ಲದಿದ್ದರೆ ಅದರ ಮೇಲಿರೋ ಲೋಟ ಎತ್ತಿ ತೊಳೆ ತಾಯಿ, ಬಿದ್ದೀತು, ಅಂದಿದ್ದೆ ನಾನು. ಎಷ್ಟು ನಕ್ಕೆವು. ನಾವು ಯಾಕೆ ನಗುತ್ತಿದ್ದೇವೆ ಅಂತ ತಿಳಿಯದೆಯೇ ನಿನ್ನ ತಮ್ಮನೂ ಕೇಕೆ ಹಾಕಿ ನಕ್ಕ.

ಸಾಲಿನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ನೀನು ಆ ಹುಡುಗಿಗೆ ಹತ್ತನೆಯದನ್ನು ಹೇಳುತ್ತಿದ್ದೆ. ಸೇರಿದ ಎಂಟು ವರ್ಷದೊಳಗೆ ಕ್ಷೇತ್ರಕಾರ್ಯ ಒಪ್ಪಿಸಬೇಕು, ಒಪ್ಪಿಸಿದರೆ ಪ್ರಬಂಧಕ್ಕೆ ಇನ್ನೊಂದು ವರ್ಷ ಸಿಗುತ್ತೆ, ತಪ್ಪಿದರೆ ಎಲ್ಲವೂ ಬಿದ್ದುಹೋಗುತ್ತೆ, ಅಂದೆ. ನಿನ್ನ ದನಿ ಒಂಚೂರೂ ಮೇಲೆ ಕೆಳಗೆ ಆಗಲಿಲ್ಲ. ನಾನು ಬೆರಳು ಮಡಚಿ ಎಣಿಸಿದೆ. ನಿನ್ನ ಎಂಟು ವರ್ಷ ಈ ತಿಂಗಳ ಕೊನೆಗೆ ಮುಗಿಯುತ್ತೆ. ನಾನು ಸಾಲು ಬಿಟ್ಟು ಹೊರಬಂದೆ. ಏನಮ್ಮ, ಇಷ್ಟು ಹೊತ್ತು ನಿಂತು ಕೈಗೆ ಬಂದಾಗ ಬಿಟ್ಟೆಯಲ್ಲ ಅಂದ ಹಿಂದಿನವನು. ಹೌದಪ್ಪ, ಅದು ನನ್ನ ಹಳೇ ಚಾಳಿ ಅಂದೆ.

ಈಗ ಹೇಳಬೇಕಾದದ್ದು ಹೇಳ್ತೀನಿ.

ಯಾರೂ ಬರೆದಿಡದ ಭಾಷೆಗೆ ಎಲ್ಲಿಗೆ ಹೋಗ್ತೀಯೆ ಅಂತ ನಾನು ಕೇಳಿದಾಗ, ನೀನು ಅಡುಗೆಮನೆಯಿಂದ ಹೊರಗೆ ಬೆರಳು ತೋರಿಸಿದೆ. ಅಲ್ಲಿ ನಿನ್ನ ತಮ್ಮ ಕೂತು ಬಿಳಿ ಗುಂಡಿ ಬೇರೆ, ಕಪ್ಪು ಗುಂಡಿ ಬೇರೆ ಮಾಡುತ್ತಿದ್ದ. ಹುಟ್ಟಿದಾಗಿನಿಂದ ಕಿವಿ ಕೇಳದ, ಬಾಯಿ ಬಾರದ, ಎದೆಯೂ ಗಟ್ಟಿಯಿಲ್ಲದ ಕೂಸು. ಅವನು ಯಾವ ಶಾಲೆಯ ಕೈಮಾತನ್ನೂ ಕಲಿತವನಲ್ಲ. ಅವನಾಗಿ ಮಾಡಿಕೊಂಡದ್ದು, ನಾವಿಬ್ಬರೂ ಅವನಿಂದ ಕಲಿತದ್ದು. ಲೋಕದಲ್ಲಿ ಮೂರೇ ಜನ ಆಡುವ ಮಾತು. ಟೈಲರಣ್ಣ ಅಂದರೆ ಕೊರಳಿಗೆ ಅಳತೆಪಟ್ಟಿ ಹಾಕಿ ಎರಡು ತುದಿ ಎಳೆಯೋದು. ಮನೆ ಮಾಲೀಕ ಅಂದರೆ ಹೊಟ್ಟೆ ತೋರಿಸಿ ಮೂಗು ಹಿಂಡಿಕೊಳ್ಳೋದು. ನೀನು ಅಂದರೆ ಜಡೆ. ನಾಳೆ ಅಂದರೆ ಕೆನ್ನೆಗೆ ಕೈಯಿಟ್ಟು ಮಲಗಿ ಕಣ್ಣು ಬಿಡೋದು.

ಭಾನುವಾರ ಭಾನುವಾರ ನೀನು ಕ್ಯಾಮೆರಾ ತಂದು ಅವನೆದುರು ಕೂತೆ. ನಿಮ್ಮ ದೊಡ್ಡ ಕನ್ನಡಕದ ಮೇಡಂ ಒಂದು ದಿನ ನೋಡೋಕೆ ಬಂದರು. ಅವರು ಕೂರುವ ಮೊದಲೇ ನಿನ್ನ ತಮ್ಮ ಎರಡು ಕಣ್ಣಿಗೆ ಎರಡು ದೊಡ್ಡ ಸೊನ್ನೆ ಮಾಡಿ ಅವರಿಗೆ ಹೆಸರಿಟ್ಟುಬಿಟ್ಟ. ಮೇಡಂ ಬಿದ್ದು ಬಿದ್ದು ನಕ್ಕರು. ಅವರೇ ಒಪ್ಪಿಗೆ ಪತ್ರದ ನಿಯಮ ಹೇಳಿದ್ದು. ಅವನ ಹೆಬ್ಬೆಟ್ಟು ಬೇಕು, ತಾಯಿಯ ಸಹಿ ಬೇಕು. ಯಾವತ್ತು ಬೇಡ ಅನ್ನಿಸಿದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು, ತೆಗೆದುಕೊಂಡರೆ ಎಲ್ಲವನ್ನೂ ಅಳಿಸಿಬಿಡುತ್ತೇವೆ, ಯಾಕೆ ಅಂತ ಯಾರೂ ಅವನನ್ನು ಕೇಳುವ ಹಾಗಿಲ್ಲ, ಅವನ ಅಕ್ಕನೂ ಕೇಳುವ ಹಾಗಿಲ್ಲ, ಅಂದರು. ಒಳ್ಳೆಯ ನಿಯಮ ಅಂದುಕೊಂಡೆ. ಬಾಯಿಲ್ಲದವರನ್ನು ಯಾರೂ ಪೀಡಿಸಬಾರದಲ್ಲ.

ನಲವತ್ತು ಗಂಟೆ ಮುಗಿದ ದಿನ ನಾನು ಹತ್ತನೇ ಸಾಲಿಗೂ ಕೆಂಪು ಹೊಲಿಗೆ ಹಾಕಿದೆ. ನೀನು ಅವನ ಮಾತುಗಳನ್ನೆಲ್ಲ ನಂಬರು ಹಾಕಿ ಬರೆದು ತಂದಿದ್ದೆ. ಮೇಜಿನ ಮುಂದೆ ಕೂತು ನನಗೆ ಓದಿ ಹೇಳಿದೆ. ಅಮ್ಮ, ಇನ್ನು ಇದು ಲೈಬ್ರರಿಯಲ್ಲಿ ನೂರು ವರ್ಷ ಇರುತ್ತೆ ಅಂತ ಹಿಗ್ಗಿದೆ. ಒಂದು, ಎರಡು, ಮೂರು. ಹದಿನಾರು ಆದ ಮೇಲೆ ಹದಿನೆಂಟಕ್ಕೆ ಹೋದೆ. ನಿನಗೆ ನಾನು ಗಮನಿಸಲಿಲ್ಲ ಅನ್ನಿಸಿರಬೇಕು. ಮೂವತ್ತು ವರ್ಷ ಹೊಲಿಗೆ ಎಣಿಸಿದವಳು ನಾನು. ಒಂದು ತಪ್ಪಿದರೆ ಕಣ್ಣು ಮುಚ್ಚಿದ್ದರೂ ಬೆರಳಿಗೆ ತಿಳಿಯುತ್ತೆ.

ಮಾರನೇ ದಿನ ನೀನು ಹೋದ ಮೇಲೆ ಆ ಹಾಳೆ ತೆಗೆದು, ಒಂದೊಂದೇ ಸಾಲು ನಿಧಾನವಾಗಿ ಓದಿದೆ. ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. ಹದಿನೇಳು. ಅಮ್ಮ. ಎಡಗೈ ಅಂಗೈ ನೆಟ್ಟಗೆ ನಿಲ್ಲುತ್ತದೆ. ಬಲಗೈಯ ಎರಡು ಬೆರಳು ಅದರ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತವೆ, ಬಾಗಿಲಿಗೆ ಚಿಲಕ ಹಾಕುವಂತೆ. ಮೂಲ: ಹೊರಗಿನವರು ಮನೆಗೆ ಬಂದಾಗ ತಾಯಿ ಇವನನ್ನು ಒಳಕೋಣೆಯಲ್ಲಿ ಬಿಟ್ಟು ಚಿಲಕ ಹಾಕುತ್ತಿದ್ದರು.

ಸುಳ್ಳಲ್ಲ. ಅವನು ದಿನಕ್ಕೆ ಇಪ್ಪತ್ತು ಸಲ ಹಾಗೆ ನನ್ನನ್ನು ಕರೆಯುತ್ತಿದ್ದ. ನನಗದು ಬರೀ ಹೆಸರಾಗಿತ್ತು, ಎಲ್ಲಿಂದ ಬಂತು ಅಂತ ತಿರುಗಿ ನೋಡಿರಲಿಲ್ಲ. ನಿಮ್ಮಪ್ಪ ಹೋದ ಮೇಲೆ ಈ ಎರಡು ಕೋಣೆ ಸಿಕ್ಕಿದ್ದೇ ಹೆಚ್ಚು. ಕೂಸಿಗೆ ಖುಷಿಯಾದರೆ ಕೂಗುತ್ತಿದ್ದ, ತನ್ನ ಕೂಗು ತನಗೇ ಕೇಳದು. ಇನ್ನೊಂದು ಸಲ ಗಲಾಟೆಯಾದರೆ ಗಂಟುಮೂಟೆ ಕಟ್ಟಿ ಅಂತ ಮಾಲೀಕ ಹೇಳಿ ಹೋಗಿದ್ದ. ಬಟ್ಟೆ ಕೊಡೋಕೆ ಬಂದ ಹೆಂಗಸರು ಅವನನ್ನು ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದರು. ಚಿಲಕ ಹಾಕಿದೆ. ಒಳಗೆ ಅವನು ಬಾಗಿಲಿಗೆ ಅಂಗೈ ಇಟ್ಟುಕೊಂಡು, ಚಿಲಕ ಸರಿಯುವ ಅದುರು ಅಂಗೈಗೆ ತಾಕೋದನ್ನೇ ಕಾಯುತ್ತಿದ್ದ ಅಂತ ನನಗೆ ಗೊತ್ತಿರಲಿಲ್ಲ. ಅದೂ ನಿನ್ನ ಹಾಳೆಯಲ್ಲೇ ಓದಿದ್ದು. ಅವನಿಗೆ ಹತ್ತು ತುಂಬಿದ ಮೇಲೆ ಚಿಲಕ ಹಾಕೋದು ನಿಲ್ಲಿಸಿದೆ, ದೇವರಾಣೆ. ಚಿಲಕ ನಿಂತಿತು, ಹೆಸರು ನಿಲ್ಲಲಿಲ್ಲ.

ಅದು ನೂರು ವರ್ಷ ಲೈಬ್ರರಿಯಲ್ಲಿ ಇರುತ್ತೆ ಅಂದೆಯಲ್ಲ, ಅದೊಂದೇ ಮಾತು ನನ್ನ ತಲೆ ತಿಂದಿತು. ಉಪವಾಸ ಮಾಡುವವಳು, ದೀಪ ಹಚ್ಚುವವಳು, ದೇವರೇ ಅಂತ ಎದ್ದು ದೇವರೇ ಅಂತ ಮಲಗುವವಳು, ಅವಳ ಮಗ ಅವಳಿಗಿಟ್ಟ ಹೆಸರು ಇದು ಅಂತ ಕಂಡವರೆಲ್ಲ ಓದುತ್ತಾರೆ. ಮೂರನೇ ದಿನ ಟೈಲರಣ್ಣನನ್ನು ಕೂರಿಸಿಕೊಂಡು ಒಪ್ಪಿಗೆ ಹಿಂದಕ್ಕೆ ಪಡೆಯುವ ಅರ್ಜಿ ಬರೆಸಿದೆ. ನಿನ್ನ ತಮ್ಮನೂ ಹೆಬ್ಬೆಟ್ಟು ಒತ್ತಿದ.

ಮೇಡಂ ನಿಯಮ ಮೀರಲಿಲ್ಲ. ನೀನೂ ಮೀರಲಿಲ್ಲ. ನೀನು ಬಂದು ಯಾಕಂತೆ ಅಂತ ನನ್ನನ್ನು ಕೇಳಿದೆ, ಅವನನ್ನು ಕೇಳಲಿಲ್ಲ. ಅವನಿಗೇ ಬೇಡವಂತೆ, ಕ್ಯಾಮೆರಾ ಕಂಡರೆ ಎದೆ ಹೊಡೆದುಕೊಳ್ಳುತ್ತಂತೆ, ನಿನ್ನನ್ನು ನೋಡಿದರೂ ಅದೇ ನೆನಪಾಗುತ್ತೆ, ಸ್ವಲ್ಪ ದಿನ ಬರಬೇಡ, ಅಂದೆ. ನೀತಿಶಾಸ್ತ್ರ ಓದಿದ ಹುಡುಗಿ ನೀನು. ಹೌದಾ ಅಂತ ಅಂದು ಮೆಟ್ಟಿಲಿಳಿದೆ. ಎಲ್ಲವನ್ನೂ ಅಳಿಸಿದ್ದೇವೆ ಅಂತ ವಿಭಾಗದಿಂದ ಕಾಗದ ಬಂದ ದಿನ ನಾನು ಹತ್ತನೇ ಸಾಲಿನ ಹೊಲಿಗೆ ಬಿಚ್ಚಿದೆ. ದಾರ ಬಂತು, ತೂತು ಉಳಿಯಿತು. ಎರಡೂವರೆ ವರ್ಷವಾಯಿತು. ಒಂದು ಸಾಲು ಬಿದ್ದಿದ್ದಕ್ಕೆ ನಿನ್ನ ಹನ್ನೊಂದು ಸಾಲೂ ಅಲ್ಲೇ ನಿಂತವು, ನೀನು ಆ ಕಿಟಕಿಯೊಳಗೆ ಕೂತೆ.

ಈಗ ಅವನ ಒಂದು ಕೈಬೀಸು ನೋಡಬೇಕೆಂದರೂ ನನ್ನ ಹತ್ತಿರ ಏನೂ ಇಲ್ಲ. ನಿಂತ ಫೋಟೋ ಇದೆ, ಅದರಲ್ಲಿ ಕೈ ಕಟ್ಟಿಕೊಂಡಿದ್ದಾನೆ. ಬಾಯಿ ಇರುವ ಮಕ್ಕಳು ಬಾಯಿ ಮುಚ್ಚಿಕೊಂಡು ಫೋಟೋಗೆ ನಿಲ್ಲುವ ಹಾಗೆ.

ನಿನ್ನ ಪ್ರಬಂಧದ ಪ್ರಶ್ನೆ ನನಗೆ ನೆನಪಿದೆ. ಮೂರೇ ಜನ ಆಡುವ ಮಾತು ಭಾಷೆಯೇ, ಒಬ್ಬರು ಹೋದರೆ ಅದು ಉಳಿಯುತ್ತದೆಯೇ ಅಂತ. ನನಗೆ ಶಾಸ್ತ್ರ ತಿಳಿಯದು. ಈಗ ಇಬ್ಬರೇ ಉಳಿದಿದ್ದೇವೆ, ಆ ಇಬ್ಬರೂ ಮಾತು ಬಿಟ್ಟಿದ್ದೇವೆ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನನ್ನುತ್ತಾರೆ?

ಬುಧವಾರ ನಿನ್ನ ಕಿಟಕಿ ಬಿಟ್ಟು ನಾನು ಮನೆಗೆ ಬರಲಿಲ್ಲ. ಮಹಡಿ ಹತ್ತಿ ದೊಡ್ಡ ಕನ್ನಡಕದ ಮೇಡಂ ಕೋಣೆಗೆ ಹೋದೆ. ಅವರಿಗೆ ಗುರುತು ಸಿಗುತ್ತೋ ಇಲ್ಲವೋ ಅಂತ ಬಾಗಿಲಲ್ಲೇ ನಿಂತು ಎರಡು ಕಣ್ಣಿಗೆ ಎರಡು ಸೊನ್ನೆ ಮಾಡಿ ತೋರಿಸಿದೆ. ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಆಡುವವರು ಒಬ್ಬರೇ ಇದ್ದರೂ ನಡೆಯುತ್ತಾ ಅಂತ ಕೇಳಿದೆ. ನಡೆಯುತ್ತಮ್ಮ, ಆಡುವ ಕೊನೆಯವರಿಂದಲೇ ಬರೆದುಕೊಂಡ ಭಾಷೆ ಎಷ್ಟೋ ಇವೆ, ಆದರೆ ಬಂದು ಕೇಳಬೇಕಾದವಳು ಅವಳು ಅಂದರು.

ಅದಕ್ಕೇ ಈ ಕಾಗದ. ನನ್ನನ್ನು ಕೂರಿಸಿ ಬರೆದುಕೋ. ದಿನಕ್ಕೆ ಎರಡು ಗಂಟೆ ಅಂದರೂ ಇಪ್ಪತ್ತು ದಿನ, ತಿಂಗಳ ಕೊನೆಯೊಳಗೆ ಆಗುತ್ತೆ. ಅವನ ಮಾತೆಲ್ಲ ನನ್ನ ಕೈಯಲ್ಲಿದೆ. ನೀನು ಹೋದ ಮೇಲೆ ಅವನು ಮಾಡಿಕೊಂಡ ಒಂಬತ್ತು ಹೊಸ ಮಾತೂ ಇವೆ, ಅವು ನಿನಗೆ ಗೊತ್ತಿಲ್ಲ. ಕ್ಯಾಮೆರಾ ಮುಂದೆ ನಾನೇ ಹದಿನೇಳನೆಯದನ್ನು ಮಾಡ್ತೀನಿ. ಚಿಲಕದ ಕಥೆಯನ್ನೂ ನನ್ನ ಬಾಯಲ್ಲೇ ಹೇಳ್ತೀನಿ. ನೀನು ಮುಚ್ಚಬೇಕಾಗಿಲ್ಲ, ನಂಬರು ಬಿಟ್ಟು ಓದಬೇಕಾಗಿಲ್ಲ. ನೂರು ವರ್ಷ ಇರಲಿ.

ನನ್ನ ಮೇಲಿನ ಪ್ರೀತಿಗೆ ಬಾ ಅನ್ನೋ ಮುಖ ನನಗಿಲ್ಲ. ಅವನ ಮಾತಿಗೆ ಬಾ.

ಇತಿ,
ನಿನ್ನ ಅಮ್ಮ

ಮರೆತಿದ್ದು:

ಮರೆತಿರಲಿಲ್ಲ, ಬಿಟ್ಟಿದ್ದೆ. ಕಾಗದ ಮಡಚಿ ಕವರಿಗೆ ಹಾಕಿದ್ದೆ. ಸಂಜೆ ದೀಪ ಹಚ್ಚಿ ಉಪವಾಸ ಬಿಡೋಕೆ ಕೂತೆ. ತಟ್ಟೆ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಅವನು ಬೇಡ ಅಂದಿರಲಿಲ್ಲ. ಒಂದು ದಿನವೂ ಅಂದಿರಲಿಲ್ಲ. ಹೆಬ್ಬೆಟ್ಟು ಒತ್ತಿಸುವಾಗ ಇದೇನು ಅಂತ ಕೇಳಿದ. ನಾನು ಜಡೆ ತೋರಿಸಿದೆ, ಬರುತ್ತಾಳೆ ಅಂತ ತೋರಿಸಿದೆ. ಅಕ್ಕ ಮತ್ತೆ ಬರೋಕೆ ಬೇಕಾದ ಕಾಗದ ಅಂದುಕೊಂಡು ಅವನು ಒಂದಲ್ಲ, ಎರಡು ಸಲ ಒತ್ತಿದ. ಬೇಕಿದ್ದರೆ ಮೇಡಂ ಹತ್ತಿರ ಆ ಅರ್ಜಿ ನೋಡು, ಎರಡು ಗುರುತಿವೆ. ಅವರಿಗೂ ಇದನ್ನು ಹೇಳಿಲ್ಲ, ಮೊದಲು ನಿನಗೆ.

ಆಮೇಲೆ ಪ್ರತಿ ಭಾನುವಾರ ಅವನು ನೀಲಿ ಶರ್ಟು ತಾನೇ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದ. ಕ್ಯಾಮೆರಾ ಮುಂದೆ ಕೂರುವಾಗ ನೀನೇ ಅವನಿಗೆ ಆ ಗುಂಡಿ ಹಾಕುತ್ತಿದ್ದೆಯಲ್ಲ. ದಿನ ಹೋದ ಹಾಗೆ ಜಡೆ ಮಾಡೋದನ್ನು ಬಿಟ್ಟ. ನೀನು ಅನ್ನೋದಕ್ಕೆ ಎರಡು ಬೆರಳಿಂದ ಗಂಟಲ ಗುಂಡಿ ಹಾಕಿಕೊಳ್ಳುವ ಹಾಗೆ ಮಾಡತೊಡಗಿದ. ಒಂಬತ್ತು ಹೊಸ ಮಾತುಗಳಲ್ಲಿ ಅದು ಮೊದಲನೆಯದು. ಆಸ್ಪತ್ರೆಯಲ್ಲಿ ಕೊನೆಯದೂ ಅದೇ. ಮೂರು ಸಲ ಮಾಡಿದ. ನಾನು ಪಕ್ಕದಲ್ಲೇ ಇದ್ದೆ, ನನ್ನ ಹೆಸರು ಮಾಡಲಿಲ್ಲ. ನಿನಗೆ ಹೇಳಿ ಕಳಿಸಿದರೆ ಎಲ್ಲ ಬಯಲಾಗುತ್ತೆ ಅಂತ ಬೆಳಗಿನವರೆಗೆ ನೋಡೋಣ ಅಂದುಕೊಂಡೆ. ಬೆಳಗಿನವರೆಗೆ ಅವನು ಉಳಿಯಲಿಲ್ಲ. ಕೊರಳಲ್ಲಿದ್ದದ್ದು ನಿನ್ನ ಹೆಸರು, ಅದನ್ನು ಹೇಗೆ ಬಿಚ್ಚಲಿ ಮಗಳೇ?

ಇದನ್ನು ಓದಿದ ಮೇಲೆ ನಿನಗೆ ಬರೆಯೋಕೆ ಕೈ ಬರಲಿಕ್ಕಿಲ್ಲ. ಗುರುವಾರ ಟೈಲರಣ್ಣ ಬಟ್ಟೆ ಕೊಡೋಕೆ ನಿನ್ನ ಕಚೇರಿ ಕಡೆ ಬರುತ್ತಾನೆ, ಉತ್ತರ ತಂದುಕೊಡು ಅಂತ ಅವನನ್ನು ಬೇಡಿಕೊಂಡಿದ್ದೇನೆ. ಕಾಗದ ಬೇಡ. ಬರೋದಾದರೆ ಕಿಟಕಿಯೊಳಗಿಂದಲೇ ಅವನಿಗೆ ಹದಿನೇಳನೆಯದನ್ನು ಮಾಡಿ ತೋರಿಸು. ಅರ್ಥ ಅವನಿಗೆ ತಿಳಿಯಬೇಕಾಗಿಲ್ಲ. ಕೈ ಸರಿಯಾಗಿ ನೋಡಿಕೊಂಡು ಬಂದು ನನ್ನ ಮುಂದೆ ಹಾಗೇ ಮಾಡಿದರೆ ಸಾಕು.